ಸಾವಕಾರ್ರ ಜೀಪು ಎಡಕ್ಕ ಎಳದದ್ದು

ಸಂಶಯ ಒಮ್ಮೆ ಮನಿ ಹೊಕ್ಕಿತಂದ್ರ ಇಂಥ ಫಜೀತಿ ದಿನಕ್ಕೊಂದು ಆಗ್ತಾವ. ಎಪ್ಪತ್ತನೇ ಇಸವಿ ಆಜೂಬಾಜು ನಮ್ಮ ಮನ್ಯಾಗ ಒಂದು ಮಳಿಗಾಲ ಪೂರಾ ಆದೂವು. ಈಗ ಮೊಮ್ಮಕ್ಕಳು ಕೇಳಿ ಹೊಟ್ಟಿ ಹಿಡ್ಕೊಂಡು ನಗತಾವ. ಆಗ ನಾ ನಕ್ಕಿರಲಿಲ್ಲ.

೧. ಯಾಲಕ್ಕಿ

ನಮ್ಮ ಮನಿಯವರು ಹೂವಿನ ಹಿಪ್ಪರಗ್ಯಾಗ ಸಾವಕಾರ್ರ ಜೀಪು ನಡಸ್ತಿದ್ರು. ಎರಿ ಹೊಲದ ಕರೀ ಮಣ್ಣಿನ ರಾಡ್ಯಾಗ ಅದರ ಹೊಟ್ಟಿ ಹತ್ತಿ ಕುಂದರ್ತಿತ್ತು. ಸಾವಕಾರ್ರು ಕಂಬಾರನ್ನ ಕರಸಿ, ಗಾಲಿ ಮ್ಯಾಲಿನ ಸ್ಪ್ರಿಂಗಿಗೆ ಎರಡೆರಡು ಪಟ್ಟಿ ಹೆಚ್ಚಿಗೆ ಹಾಕಿಸಿ, ಜೀಪು ನಾಕು ಬೆರಳು ಎತ್ತರ ಮಾಡಿಸಿದ್ರು. ರಾಡಿ ದಾಟಿತು ಖರೆ. ನೆಟ್ಟಗ ಹೋಗೂದು ಮಾತ್ರ ಬಿಟ್ಟಿತು.

ಬಾಜೂ ಮನಿ ಅಕ್ಕ ಹಸಿ ಮಣ್ಣಾಗಿನ ಗಾಲಿ ಗುರ್ತು ತೋರಿಸಿದಳು. ಹಾವು ಹರದಂಗ ಈ ದಂಡಿಂದ ಆ ದಂಡಿಗೆ ಹೋಗಿತ್ತು.

"ನಿಮ್ಮವರು ಕುಡ್ಯಾಕ ಹತ್ಯಾರೇನ?" ಅಂದಳು ದನಿ ಇಳಿಸಿ.

ಮದುವ್ಯಾಗ ನಮ್ಮಪ್ಪ ಅಳಿಯಗ ಒಂದ ಮಾತು ಹೇಳಿದ್ದ: "ಕುಡದದ್ದು ನನ್ನ ಕಿವಿಗೆ ಬಿತ್ತಂದ್ರ ಮಗಳ್ನ ಇಂಡಿಗೆ ಕರಕೊಂಡು ಹೋಗ್ತೀನಿ. ತಿರುಗಿ ಕಳಸಂಗಿಲ್ಲ."

ಸಂಜಿಕ ಮನಿಯವರು ಬಂದ್ರು. ಬಾಯಾಗ ಯಾಲಕ್ಕಿ ವಾಸನಿ, ಕುಡದಾವ್ರು ನಾತ ಮುಚ್ಚಾಕ ಅಗಿಯೂವಂಥಾದ್ದು!

"ಯಾಲಕ್ಕಿ ಯಾಕ್ರಿ?"

"ಸಾವಕಾರ್ರ ಮನ್ಯಾಗ ನಾಳಿನ ಪಾಯಸಕ್ಕ ಯಾಲಕ್ಕಿ ಸುಲೀತಿದ್ರು, ನನಗೂ ಎರಡು ಕೊಟ್ರು."

"ಪಾಯಸ ಬಿಟ್ಟು ಬರೇ ಯಾಲಕ್ಕಿ ಕೊಡ್ತಾರೇನು?"

ಮರುದಿನ ಸಾವಕಾರ್ರ ಮನಿಯಿಂದ ಒಂದು ತಂಬಿಗಿ ಪಾಯಸ ಬಂತು. ಅದನ್ನೂ ಮೂಸಿ ನೋಡೇ ಉಂಡೆ.

೨. ಟಾಯರಿನ ಸಾಕ್ಷಿ

"ಗಾಡಿ ತಾನ ಎಡಕ್ಕ ಎಳೀತೈತಿ," ಅಂತ ಮನಿಯವರು ಆಣಿ ಮಾಡಿದ್ರು. ನಾ ನಂಬಲಿಲ್ಲ. ನನ್ನ ಎಳಕೊಂಡು ಹೋಗಿ ಮುಂದಿನ ಟಾಯರು ತೋರಿಸಿದ್ರು.

"ನೋಡು, ಹೊಸಾ ಟಾಯರು. ಹದಿನೈದು ದಿನದಾಗ ಹೊರಗಿನ ಅಂಚಷ್ಟ ಸವದು ಬೋಳಾಗೈತಿ. ನಾ ಕುಡದ್ರ ಇದು ಸವೀತೈತೇನು?"

ಬಗ್ಗಿ ನೋಡಿದೆ. ಖರೇನ, ಒಂದ ಬಾಜು ನುಣ್ಣಗ. ಮನಸ್ಸು ಕರಗಿತು. ಅಷ್ಟರಾಗ ನಮ್ಮ ಓಣ್ಯಾಗ ದಿನಾ ಕುಡದು ಬರಾವನ ಚಪ್ಪಲಿ ನೆನಪಾತು.

"ಸೊಟ್ಟ ನಡ್ಯಾವ್ರ ಚಪ್ಪಲಿನೂ ಹಿಂಗ ಸವೀತಾವ್ರಿ," ಅಂದೆ.

ಮನಿಯವರು ಟಾಯರಿಗೆ ಒಂದು ಒದ್ದು ಹೋದ್ರು.

೩. ಅತ್ತಿಯ ಭಾರ

ಸಾವಕಾರ್ರು ಒಂದು ಉಪಾಯ ತಗದ್ರು. "ಚಕ್ಕಡಿ ಒಂದು ಕಡೆ ವಾಲಿದ್ರ ಇನ್ನೊಂದು ಕಡೆ ಭಾರ ಹೇರತೀವಲ್ಲ? ಇದಕ್ಕೂ ಬಲಕ್ಕ ಹೇರು."

ಭಾರ ಅಂದ್ರ ನಮ್ಮ ಅತ್ತಿ. ಬಾಗೇವಾಡಿಗೆ ಮಗಳ ಮನಿಗೆ ಹೊಂಟಿದ್ಲು. ಮನಿಯವರು ಕೈ ಹಿಡದು, ಕಾಲಿಡಾಕ ಕಟ್ಟಿಗಿ ಮಣಿ ಇಟ್ಟು ಹತ್ತಿಸಿ, ಹಿಂದ ಬಲಗಡಿ ಕುಂದರಿಸಿದ್ರು. "ಎಷ್ಟ ಮರ್ಯಾದಿ ಮಾಡ್ತಾನ ನನ್ನ ಮಗ!" ಅಂತ ಆಕಿ ಹಿಗ್ಗಿದಳು. ನಾನೂ ಕಾವಲಿಗೆ ಹತ್ತಿದೆ.

ಜೀಪು ಎಡಕ್ಕ ಹೋಗೂದು, ಇವರು ಬಲಕ್ಕ ಹೊಳ್ಳಸೂದು. ಎದುರು ಬಂದ ಬಸ್ಸಿನವ ಬೈದ ಬೈಗಳ ಹೇಳೂ ಹಂಗಿಲ್ಲ. ಇಳದ ಮ್ಯಾಲೆ ಅತ್ತಿ ಮಗನ ಮಾರಿ ನೋಡಿದಳು, ನನ್ನ ಮಾರಿ ನೋಡಿದಳು. ಮಗನ್ನ ಬಿಟ್ಟುಕೊಡ್ತಾಳೇನು? ಸೀದಾ ಹೋಗಿ ಪೆಟ್ರೋಲು ಹಾಕೂ ಬಾಯಿಗೆ ಮೂಗು ಹಚ್ಚಿದಳು.

"ಬಾರವ್ವ, ನೀನ ಮೂಸು. ಕುಡದದ್ದು ನನ್ನ ಮಗ ಅಲ್ಲ, ಇದು!"

೪. ಅಪ್ಪ ಕುಂತ

ಮಾತು ಇಂಡಿ ಮುಟ್ಟಿತು. ಅಪ್ಪ ಅವ್ವನ್ನ ಕರಕೊಂಡು ಮುಂಜಾನಿ ಬಸ್ಸಿಗೆ ಸಿಂದಗಿ ಮ್ಯಾಲೆ ಹಾದು ಬಂದ. ಅಪ್ಪ ಹರೇದಾಗಿಂದ ಮುಪ್ಪಿನತನಕಾ ಬಸ್ಸು ನಡಸಿದಾವ. ಹೆಂಡದ ಅಂಗಡಿ ಮುಂದ ಹಾಯಬೇಕಾದ್ರ ಮೂಗು ಮುಚ್ಚಿಕೊಳ್ಳಾವ. ಬಂದಾವ್ನ, "ಅರಿವಿ ಗಂಟು ಕಟ್ಟು" ಅಂದ. ನಾ ಸೀರಿ ಮಡಚಿ ಗಂಟು ಕಟ್ಟಿದೆ.

ಮನಿಯವರು ಚಾವಿ ಮುಂದ ಹಿಡದ್ರು. "ಮಾವಾರ, ಒಮ್ಮೆ ನೀವ ನಡಸಿ ನೋಡ್ರಿ. ನೆಟ್ಟಗ ಹೋತಂದ್ರ ನಾನ ಆಕೀನ ಬಸ್ಸಿಗೆ ಹತ್ತಸ್ತೀನಿ."

ಓಣಿ ಪೂರಾ ಕೂಡಿತು. "ಗಾಡಿ ಹೆಂಗ ನಡಸ್ತಾರ ಕಲ್ಕೋರಿ," ಅಂತ ಅಪ್ಪ ತಲಿಗೆ ಸುತ್ತಿದ ಪಟಗಾ ಸರಿ ಮಾಡಿಕೊಂಡು ಜೀಪು ಹತ್ತಿದ. ಇಪ್ಪತ್ತು ಮಾರು ಜೀಪು ನೆಟ್ಟಗ ಹೋತು. ಮುಗೀತು ನನ್ನ ಸಂಸಾರ ಅಂದ್ಕೊಂಡೆ. ಅಷ್ಟರಾಗ ಎಡಕ್ಕ ಎಳೀತು. ಅಪ್ಪ ಬಲಕ್ಕ ತಿರುವಿದ. ಮತ್ತ ಎಡಕ್ಕ, ಮತ್ತ ಬಲಕ್ಕ. ಕೋಳಿ ಹಾರಿದ್ವು, ಮಂದಿ ಓಡಿದ್ರು, ಜೀಪು ಹೋಗಿ ಸಾವಕಾರ್ರ ಜ್ವಾಳದ ಕಣಕಿ ಬಣವಿ ಹೊಕ್ಕಿತು. ಪಟಗಾದಾಗ ಕಣಕಿ ಸಿಗಸಿಕೊಂಡು ಅಪ್ಪ ಇಳದ.

ಮಧ್ಯಾಹ್ನದ ಬಸ್ಸಿಗೆ ಸಿಂದಗಿಯಿಂದ ಸಾವಕಾರ್ರು ಕರಸಿದ್ದ ಗಾಡಿ ಮಿಸ್ತ್ರಿ ಬಂದ. ಮುಂದಿನ ಎರಡು ಗಾಲಿ ನಡುವ ಸುತಳಿ ಹಿಡದು ಮುಂದೊಮ್ಮೆ, ಹಿಂದೊಮ್ಮೆ ಅಳದ. "ಎತ್ತರೇನೋ ಮಾಡ್ಯಾರ್ರಿ. ಆದ್ರ ಗಾಲಿ ಎರಡೂ ಒಂದರ ಮಾರಿ ಒಂದು ನೋಡಾಕತ್ತಾವ. ಎಡಗಡಿ ಪಟ್ಟಿ ಬ್ಯಾರೆ ತಗ್ಗು. ಇದನ್ನ ಯಾರ ನಡಸಿದ್ರೂ ಹಿಂಗ."

ನಾ ಒಳಗ ಹೋಗಿ ಗಂಟು ಬಿಚ್ಚಿದೆ. ಮನಿಯವರ ಮಾರಿ ನೋಡಾಕ ನಾಚಿಕಿ ಬಂತು. ಅಪ್ಪ ಅಳಿಯನ ಬೆನ್ನು ಚಪ್ಪರಿಸಿ, "ತಪ್ಪಾತು ಅಳಿಯಾಂದ್ರ, ಎಲ್ಲಾ ದೋಷ ಗಾಲೀದ," ಅಂದ.

ಅವ್ವ ಸೆರಗು ಸೊಂಟಕ್ಕ ಸಿಗಸಿ ಅಪ್ಪನ ಮುಂದ ಬಂದು ನಿಂತಳು.

"ಗಾಲೀದು ಇರ್ಲಿ. ಮುಂಜಾನಿ ಸಿಂದಗಿ ಸ್ಟ್ಯಾಂಡಿನ್ಯಾಗ ನೀರು ಕುಡದು ಬರ್ತೀನಂತ ಇಳದ್ರಲ್ಲ, ಯಾವ ನೀರ್ರಿ ಅದು?"