ಹಬ್ಬ ಇಳಿಸುವ ಕಚೇರಿ

ತಂಗಳಿಗೆ ಧರ್ಮವಿಲ್ಲ ಎಂಬುದು ಕೇರ್ ಸಾಂಬಾ ಪಟ್ಟಣದ ಏಳನೇ ವಾರ್ಡಿನಲ್ಲಿ ಮಾರ್ಚ್ ಇಪ್ಪತ್ತರಿಂದ ಜಾರಿಯಲ್ಲಿದೆ. ಅದಕ್ಕೂ ಮುಂಚೆ ಅಲ್ಲಿನ ಜನ ಏನು ತಿನ್ನುತ್ತಿದ್ದೇವೆ ಎಂಬ ಅರಿವೇ ಇಲ್ಲದೆ ತಿನ್ನುತ್ತಿದ್ದರು.

ಹಾಗೆ ತಿಂದವರಲ್ಲಿ ಸೈದು ವಾನ್ ಮೊದಲಿಗ. ಐವತ್ತಾರು ವರ್ಷದ, ವಾರ್ಡ್ ಕಚೇರಿಯ ಗುಮಾಸ್ತ. ಐದು ಹೊತ್ತಿನ ನಮಾಜು ತಪ್ಪಿಸಿದವನಲ್ಲ. ಅವನ ಎದುರು ಮನೆ ಮದಲೇನ್ ಸಾರ್ ಎಂಬ ವಿಧವೆಯದು. ಭಾನುವಾರ ಚರ್ಚಿನಲ್ಲಿ ಅವಳು ಹಾಡಿದರೆ ಮೀನು ಮಾರ್ಕೆಟ್ಟಿಗೆ ಕೇಳುತ್ತದೆ. ಪ್ರತಿವರ್ಷ ಶುಭ ಶುಕ್ರವಾರದಂದು ಮದಲೇನ್ ಬೇಯಿಸಿದ ಸಜ್ಜೆಯ ತರಿಗೆ ಅರೆದ ಕಡಲೆಕಾಯಿ, ದೊಡ್ಡಹುಣಸೆ ಹಣ್ಣಿನ ಹುಳಿ, ಸಕ್ಕರೆ, ಒಣದ್ರಾಕ್ಷಿ ಕಲಸಿ ಙಲಾಖ್ ಮಾಡುವಳು. ಅದರಲ್ಲಿ ಒಂದು ಬಕೆಟ್ ಓಣಿ ದಾಟಿ ಸೈದುವಿನ ಮನೆಗೆ ಬರುವುದು. ತಬಸ್ಕಿಗೆ, ಅಂದರೆ ಬಕ್ರೀದ್ ಹಬ್ಬಕ್ಕೆ, ಸೈದು ಕೊಯ್ದ ಟಗರಿನ ಒಂದು ತೊಡೆ ಅದೇ ಓಣಿ ದಾಟಿ ಅತ್ತ ಹೋಗುವುದು. ಮೂವತ್ತೊಂದು ವರ್ಷ ಇದು ಒಂದು ಚೀಟಿಯೂ ಇಲ್ಲದೆ ನಡೆದುಬಂತು ಎಂದರೆ ಆಡಳಿತ ಎಷ್ಟು ಸಡಿಲವಾಗಿತ್ತು ನೀವೇ ಯೋಚಿಸಿ.

ಬಕೆಟ್ಟಿನ ಜೊತೆ ಬೈಗುಳವೂ ಬರುತ್ತಿತ್ತು. ವಾನ್ ಮನೆಯವರು ಪುಲಾರ್ ಕುಲ, ಸಾರ್ ಮನೆಯವರು ಸೆರೆರ್ ಕುಲ. ಈ ಎರಡು ಕುಲದವರು ಕಂಡಕಂಡಲ್ಲಿ ಒಬ್ಬರನ್ನೊಬ್ಬರು ಬೈಯಬೇಕು, ಬೈಸಿಕೊಂಡವರು ಸಿಟ್ಟಾಗಬಾರದು ಎನ್ನುವುದು ಅಜ್ಜ ಮುತ್ತಜ್ಜರ ಕಟ್ಟಳೆ. ಬೈಯದೆ ಸುಮ್ಮನಿದ್ದರೇ ಸಂಬಂಧ ಕೆಟ್ಟಿದೆ ಎಂದು ಲೆಕ್ಕ.

“ತಗೋ ಹೊಟ್ಟೆಬಾಕ. ಬಕೆಟ್ ನೆಕ್ಕಿದ್ಮೇಲೆ ತೊಳೆದು ಕಳಿಸು,” ಎಂದು ಮದಲೇನ್ ಓಣಿಗೆಲ್ಲ ಕೇಳುವಂತೆ ಹೇಳುವಳು.

“ನನ್ನ ಮನೆ ಆಳು ನಂಗೇ ಬುದ್ಧಿ ಹೇಳೋ ಕಾಲ ಬಂತಲ್ಲಪ್ಪ,” ಎನ್ನುವನು ಸೈದು.

ಹೊಟ್ಟೆಬಾಕ ಎಂಬ ಆ ಮಾತು ಕಿವಿಗೆ ಬಿದ್ದರೇ ಅವನಿಗೆ ಆ ಹಬ್ಬ ಹಬ್ಬ. ತನ್ನದಲ್ಲದ ಹಬ್ಬವಾದರೂ ಸರಿಯೇ.

ನಿಯಮ ಜಾರಿಯಾದ ವರ್ಷ ಮಸೀದಿಯ ಅಂಗಳದಲ್ಲಿ ಯಾರೋ ಒಬ್ಬರು ಕೇಳಿದರು: ಬೇರೆಯವರ ಹಬ್ಬದ ತಿಂಡಿ ತಿಂದರೆ ಅವರ ಹಬ್ಬದಲ್ಲಿ ಭಾಗವಹಿಸಿದ ಹಾಗಾಗುತ್ತದೆಯೇ? ಮುದುಕರಾದ ಇಮಾಮ್ ತಾಲ್ ಉತ್ತರಿಸಿದರು: “ಅವರ ಪ್ರಾರ್ಥನೆ ಅವರದು, ನಮ್ಮದು ನಮ್ಮದು. ನೆರೆಯವರು ಪ್ರೀತಿಯಿಂದ ಕೊಟ್ಟದ್ದನ್ನ ತಿನ್ನಪ್ಪ, ನೀನೂ ಕೊಡು.” ಪಕ್ಕದಲ್ಲಿದ್ದ ಉಸ್ತಾದ್ ಜಲ್ಲೋ ಸ್ವಲ್ಪ ಬಿಗಿಯವರು. ಅವರೆಂದರು: “ಅವರ ಆರಾಧನೆಗೆ ಹೋಗಿ ಕೂರಬಾರದು. ಶುಭಾಶಯಾನೂ ನಾನು ಹೇಳಲ್ಲ, ಹೇಳೋರ ಜೊತೆ ಜಗಳಾನೂ ಆಡಲ್ಲ. ಙಲಾಖ್‌ನಲ್ಲಿ ಕೊಯ್ದ ಮಾಂಸ ಇಲ್ಲ, ಹೆಂಡ ಇಲ್ಲ. ಸಜ್ಜೆ ಸಜ್ಜೆಯೇ.” ಇಬ್ಬರೂ ಮೂರು ಸುತ್ತು ಚಹಾ ಕುಡಿದು ಮನೆಗೆ ಹೋದರು.

ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ವಾರ್ಡಿನ ಹೊಸ ಅಧ್ಯಕ್ಷರಾದ ಮಕ್ತಾರ್ ದೆಂಬೆಲೆಯವರು ಇಬ್ಬರು ಪಂಡಿತರು ಒಂದೇ ಮಾತನ್ನು ಎರಡು ಬೇರೆ ಬೇರೆ ವಾಕ್ಯಗಳಲ್ಲಿ ಹೇಳಿರುವುದನ್ನು ಗಮನಿಸಿದರು. ಭಿನ್ನಾಭಿಪ್ರಾಯ ಇರುವುದು ಇದರಿಂದ ಸಾಬೀತಾಯಿತು. ಅಧ್ಯಕ್ಷರ ಮನೆಯ ಸುತ್ತಮುತ್ತ ಒಂದೂ ಕ್ರೈಸ್ತರ ಮನೆ ಇರಲಿಲ್ಲ. ಅವರಿಗೆ ಯಾರೂ ಯಾವತ್ತೂ ಬಕೆಟ್ ಕಳಿಸಿದ್ದಿಲ್ಲ. ಹೀಗಾಗಿ ವಿಷಯವನ್ನು ನಿಷ್ಪಕ್ಷಪಾತವಾಗಿ ನೋಡಲು ಇಡೀ ವಾರ್ಡಿನಲ್ಲಿ ಅವರೊಬ್ಬರೇ ಅರ್ಹರಾಗಿದ್ದರು.

‘ಪರಹಬ್ಬ ಭಾಗವಹಿಸುವಿಕೆ ಪರಿಶೀಲನಾ ಸಮಿತಿ’ ರಚನೆಯಾಯಿತು. ಸದಸ್ಯರು ಅಧ್ಯಕ್ಷರ ಇಬ್ಬರು ಭಾವಮೈದುನರು, ಕಾರ್ಯದರ್ಶಿ ಸೈದು. ಮೊದಲ ಸಭೆಗೆ ಮುಂಚೆಯೇ ಕಚೇರಿಗೆ ಎರಡು ದೊಡ್ಡ ಫ್ರಿಜ್ ಬಂದವು. ಸಮಿತಿ ಆಗಿನ್ನೂ ಏನನ್ನೂ ನಿರ್ಧರಿಸಿರಲಿಲ್ಲ. ನಾಲ್ಕು ಸಭೆಗಳ ನಂತರ ಸೈದು ತನ್ನ ಕೈಯಾರೆ ಸುತ್ತೋಲೆ ಬರೆದು ಗೋಡೆಗೆ ಅಂಟಿಸಿದ:

‘ಸಾರ್ವಜನಿಕರ ಅವಗಾಹನೆಗೆ. ಶುಭ ಶುಕ್ರವಾರದ ಙಲಾಖನ್ನು ಅದೇ ದಿನ ಸೇವಿಸಿದಲ್ಲಿ ಹಬ್ಬದಲ್ಲಿ ಭಾಗವಹಿಸಿದಂತೆ ಪರಿಗಣಿಸಲಾಗುವುದು. ಮರುದಿನ ಸೇವಿಸಿದಲ್ಲಿ ತಂಗಳು ಎಂದು ಪರಿಗಣಿಸಲಾಗುವುದು. ತಂಗಳಿಗೆ ಧರ್ಮವಿರುವುದಿಲ್ಲ. ಆದಕಾರಣ ಸಕಲ ಬಕೆಟ್‌ಗಳನ್ನು ಕಚೇರಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಇರಿಸಿ, ಹಬ್ಬವು ಪೂರ್ತಿ ಇಳಿದ ನಂತರ ಸಂಬಂಧಪಟ್ಟ ಮನೆಗಳಿಗೆ ವಿತರಿಸಲಾಗುವುದು. ಈ ಅವಧಿಯಲ್ಲಿ ಪ್ರಮಾಣ ಕಡಿಮೆಯಾದಲ್ಲಿ ಸಮಿತಿ ಹೊಣೆಯಲ್ಲ.’

“ನಮ್ಮನೇಲೇ ಒಂದು ದಿನ ಇಟ್ಕೊಂಡ್ರೆ ತಂಗಳಾಗಲ್ವಾ?” ಎಂದು ಕೇಳಿದಳು ಸೈದುವಿನ ಹೆಂಡತಿ ಕುಂಬಾ.

“ಆಗುತ್ತೆ. ಆದ್ರೆ ಅದು ಅನಧಿಕೃತ ತಂಗಳು.”

“ರೀ, ಮದಲೇನಕ್ಕನ ಹತ್ರ ಅಧಿಕೃತ, ಅನಧಿಕೃತ ಅಂತ ಶುರು ಮಾಡ್ಬೇಡಿ. ಬಕೆಟ್ ಹೋದ್ರೆ ಹೋಗ್ಲಿ. ಅವಳು ಮುನಿಸಿಕೊಂಡ್ರೆ ನಿಮ್ಮ ಕೈಲಿ ತಡ್ಕೊಳೋಕೆ ಆಗಲ್ಲ.”

ಕುಂಬಾ ಹೇಳಿದ್ದು ನಿಜವಾಗಿತ್ತು. ಆದರೆ ಅದು ಟಪಾಲಿನಲ್ಲಿ ಬಂದ ಮಾತಲ್ಲವಾದ್ದರಿಂದ ಸೈದು ಅದನ್ನು ದಾಖಲಿಸಿಕೊಳ್ಳಲಿಲ್ಲ.

ಶುಭ ಶುಕ್ರವಾರ ಬಂತು. ಕಚೇರಿಯ ಕಿಟಕಿಯ ಮುಂದೆ ಬಕೆಟ್ ಹಿಡಿದ ಕ್ರೈಸ್ತ ಹೆಂಗಸರ ಸಾಲು ಬೇವಿನ ಮರ ದಾಟಿ ನಿಂತಿತ್ತು. ಮದಲೇನ್ ಸರದಿ ಬಂದಾಗ ಸೈದು ನಮೂನೆ ತೆರೆದ.

“ಕೊಡುವ ಉದ್ದೇಶ?”

“ನೀನು ತಿನ್ಲಿ ಅಂತ.”

“ಹಬ್ಬದ ಅಂಗವಾಗಿಯೋ, ನೆರೆಹೊರೆಯ ಅಂಗವಾಗಿಯೋ?”

“ಮೂವತ್ತೊಂದು ವರ್ಷ ತಿಂದಿದ್ದೀಯಲ್ಲೋ ಅನ್ನಗಳ್ಳ. ನಿನ್ನ ಯಾವ ಅಂಗಕ್ಕೆ ಹೋಗಿದೆ ನೋಡ್ಕೊಂಡು ಬರ್ಕೋ.”

ಸಾಲಿನಲ್ಲಿದ್ದವರೆಲ್ಲ ನಕ್ಕರು. ಸೈದುವಿಗೂ ನಗು ಬಂತು. ‘ನನ್ನ ಆಳು’ ಎಂಬ ಮಾತು ನಾಲಗೆಯ ತುದಿಗೇ ಬಂತು. ಅಷ್ಟರಲ್ಲಿ ಹಿಂದೆ ಕುಳಿತಿದ್ದ ಅಧ್ಯಕ್ಷರು ಒಂದು ಸಲ ಕೆಮ್ಮಿದರು. ಸೈದು ಕನ್ನಡಕ ಸರಿಮಾಡಿಕೊಂಡು ಹೇಳಿದ: “ಅಮ್ಮಾ, ಇದು ಕಚೇರಿ. ಇಲ್ಲಿ ಬೈಯುವಂತಿಲ್ಲ. ದಯವಿಟ್ಟು ಬಹುವಚನದಲ್ಲಿ ಮಾತಾಡಿ.”

ಮದಲೇನ್ ಬಕೆಟ್ಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು. “ತಪ್ಪಾಯ್ತು ಕಾರ್ಯದರ್ಶಿಗಳೇ. ನೆರೆಹೊರೆಯ ಅಂಗವಾಗಿ ಅಂತ ಬರೀರಿ. ನಿಮಗೆ ತೊಂದರೆ ಕೊಟ್ಟೆ,” ಎಂದು ಚೀಟಿ ಪಡೆದು ಹೊರಟುಹೋದಳು. ಸೈದು ಅವಳನ್ನು ಕರೆಯಲು ಕುರ್ಚಿಯಿಂದ ಅರ್ಧ ಎದ್ದ. ಆದರೆ ಹಿಂದೆ ಇನ್ನೂ ನಲವತ್ತು ಬಕೆಟ್‌ಗಳಿದ್ದವು.

ಶನಿವಾರ ವಿತರಣೆ ಸುಗಮವಾಗಿ ನಡೆಯಿತು. ಪ್ರತಿ ಬಕೆಟ್ ಅರ್ಧಕ್ಕೆ ಇಳಿದಿತ್ತು. ಕಡಿಮೆಯಾದ ಭಾಗವೇ ಹಬ್ಬದ ಭಾಗ, ಉಳಿದದ್ದು ಶುದ್ಧ ತಿಂಡಿ ಎಂದು ಸಮಿತಿ ವಿವರಿಸಿತು. ವೈಜ್ಞಾನಿಕವಾಗಿದೆ ಎಂದು ಜನ ಒಪ್ಪಿದರು. ಭಾವಮೈದುನರಿಬ್ಬರೂ ಅಜೀರ್ಣದಿಂದ ರಜೆಯಲ್ಲಿದ್ದರು. ಇಮಾಮ್ ತಾಲ್ ಕೂಡ ತಮ್ಮ ಪಾಲಿನ ಬಕೆಟ್ ಕೇಳಿಕೊಂಡು ಬಂದರು.

“ಸೈದೂ, ತಿನ್ನಬಹುದು ಅಂತ ನಾನು ಅವತ್ತೇ ಹೇಳಿದ್ನಲ್ಲಪ್ಪ?”

“ತಮ್ಮ ಅಭಿಪ್ರಾಯ ಕಡತದಲ್ಲಿ ಸುರಕ್ಷಿತವಾಗಿದೆ, ಗುರುಗಳೇ.”

“ಸುರಕ್ಷಿತ ಅಂದ್ರೆ?”

“ಯಾರೂ ಮುಟ್ಟಿಲ್ಲ.”

ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಕೊಟ್ಟಿದ್ದರು, ಗುಮಾಸ್ತನ ಷರಾ ಒಂದೇ ಬಾಕಿ ಇತ್ತು. ಇಮಾಮರು ನಿಟ್ಟುಸಿರು ಬಿಟ್ಟು ಸಹಿ ಹಾಕಿ ಅರ್ಧ ಬಕೆಟ್ ಒಯ್ದರು.

ಅಂದಿನಿಂದ ಮದಲೇನ್ ಸೈದುವನ್ನು ಬೈಯಲಿಲ್ಲ. ಬೆಳಿಗ್ಗೆ ಬಾಗಿಲಲ್ಲಿ ಕಂಡರೆ “ನಮಸ್ಕಾರ ಕಾರ್ಯದರ್ಶಿಗಳೇ, ಆರೋಗ್ಯವೇ?” ಎನ್ನುವಳು. ಸೈದು ಬೇಕೆಂತಲೇ ಅವಳ ಬಾಗಿಲ ಮುಂದೆ ಬಾಳೆಹಣ್ಣಿನ ಸಿಪ್ಪೆ ಎಸೆದು ನೋಡಿದ. ಅವಳು ತಾನೇ ಎತ್ತಿ ಹಾಕಿ “ಪರವಾಗಿಲ್ಲ, ನಿಮಗೆ ಕೆಲಸದ ಒತ್ತಡ,” ಎಂದಳು. ಅವನಿಗೆ ಅನ್ನ ಸೇರದಾಯಿತು. ಸೇರಿದರೂ, ಹೊಟ್ಟೆಬಾಕ ಎನ್ನುವವರೇ ಇಲ್ಲದ ಮೇಲೆ ತಿಂದು ಏನು ಸುಖ?

ಎರಡು ತಿಂಗಳಿಗೆ ತಬಸ್ಕಿ ಬಂತು. ಕ್ರೈಸ್ತರಿಗೂ ಅನ್ಯಾಯವಾಗಬಾರದು, ಅವರೂ ಅರಿಯದೆ ಪರಹಬ್ಬದಲ್ಲಿ ಭಾಗವಹಿಸಿಬಿಟ್ಟಾರು ಎಂದು ಸಮಿತಿ ಟಗರಿನ ಮಾಂಸಕ್ಕೂ ನಿಯಮ ವಿಸ್ತರಿಸಿತು. ಸೈದು ತಾನು ಕೊಯ್ದ ಟಗರಿನ ತೊಡೆಯನ್ನು ಹೊತ್ತು ಕಚೇರಿಗೆ ಹೋಗಿ, ಕಿಟಕಿಯ ಹೊರಗೆ ನಿಂತು ಅರ್ಜಿ ಬರೆದು, ಒಳಗೆ ಬಂದು ಕುಳಿತು ಅದನ್ನು ಸ್ವೀಕರಿಸಿದ. ಒಂದು ಕಡೆ ಸಹಿ ಬಿಟ್ಟುಹೋಗಿದೆಯೆಂದು ತನ್ನನ್ನು ತಾನೇ ಒಮ್ಮೆ ವಾಪಸ್ ಕಳಿಸಿದ್ದೂ ಉಂಟು. ಮರುದಿನ ತೊಡೆಯ ಹಬ್ಬವೆಲ್ಲ ಇಳಿದು ಮೂಳೆ ಉಳಿದಿತ್ತು.

ಅದನ್ನೇ ಒಯ್ದು ಮದಲೇನ್ ಕೈಗಿಟ್ಟ.

“ಬಹಳ ಸಂತೋಷ ಕಾರ್ಯದರ್ಶಿಗಳೇ. ಸಮಿತಿಯವರಿಗೆ ನನ್ನ ವಂದನೆ ತಿಳಿಸಿ.”

“ಮದಲೇನಕ್ಕ, ಮೂಳೆ ತಂದು ಕೊಟ್ಟಿದ್ದೀನಿ ಕಣೇ. ಈಗಲಾದ್ರೂ ಬೈಯಿ.”

“ಅಯ್ಯೋ, ಬಹುವಚನ ಅಂದಿದ್ದೀರಲ್ಲ.”

“ಒಂದೇ ಒಂದ್ಸಲ ಹೊಟ್ಟೆಬಾಕ ಅನ್ನು. ನಿನ್ನ ಕಾಲಿಗೆ ಬೀಳ್ತೀನಿ.”

ಮದಲೇನ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. “ಅದಕ್ಕೆ ಅರ್ಜಿ ಯಾವ ಕಿಟಕೀಲಿ ಕೊಡ್ಬೇಕು?”

ಅವಳು ಚುಚ್ಚಿ ಕೇಳಿದ್ದು. ಆದರೆ ಸೈದು ಇಪ್ಪತ್ತೊಂಬತ್ತು ವರ್ಷ ಸೇವೆ ಮಾಡಿದವನು. ನ್ಯಾಯವಾದ ಪ್ರಶ್ನೆ ಎನಿಸಿತು. ಮರುದಿನವೇ ಕಡತ ಮಂಡಿಸಿದ: ಹಬ್ಬದ ಸಂದರ್ಭದಲ್ಲಿ ಭಿನ್ನ ಧರ್ಮದ ಎರಡು ಮನೆಗಳ ನಡುವೆ ನಡೆಯುವ ಕುಲಾಚಾರದ ಬೈಗುಳಕ್ಕೆ ಈವರೆಗೆ ಯಾವುದೇ ನಮೂನೆ ಇರುವುದಿಲ್ಲ. ಅಧ್ಯಕ್ಷರು ಎರಡು ಸಲ ಓದಿ ಬಹಳ ಆಸಕ್ತಿಯಿಂದ ಒಪ್ಪಿಗೆ ಕೊಟ್ಟರು. ಪ್ರತಿ ಮನೆಗೆ ಮೂರು ಬೈಗುಳ, ಗುರುವಾರ ಸ್ವೀಕಾರ, ಕಾವು ಆರಲು ಒಂದು ದಿನ, ಶುಕ್ರವಾರ ಜುಮ್ಮಾ ನಮಾಜಿನ ನಂತರ ವಿತರಣೆ.

ಗುರುವಾರ ಮದಲೇನ್ ಬಂದಳು. ಬೈಯುವವರ ಹೆಸರು, ಬೈಸಿಕೊಳ್ಳುವವರ ಹೆಸರು ತುಂಬಿ, ಮೂರು ಬೈಗುಳ ಬರೆದು, ಲಕೋಟೆ ಅಂಟಿಸಿ ಕೊಟ್ಟಳು. ಒಡೆದು ನೋಡಲು ಕೈ ತುರಿಸಿದರೂ ಸೈದು ನಿಯಮ ಮೀರಲಿಲ್ಲ.

ಶುಕ್ರವಾರ ಸಾಲು ಮತ್ತೆ ಬೇವಿನ ಮರ ದಾಟಿತ್ತು. ಪುಲಾರ್‌ಗಳು, ಸೆರೆರ್‌ಗಳು, ಟೋಪಿಯವರು, ಶಿಲುಬೆಯವರು, ಎಲ್ಲರೂ ಚೀಟಿ ಹಿಡಿದು ಶಿಸ್ತಾಗಿ ನಿಂತಿದ್ದರು. ಸೈದುವಿನ ಲಕೋಟೆಯಲ್ಲಿ ಒಂದೇ ಬೈಗುಳ ಉಳಿದಿತ್ತು. ಉಳಿದೆರಡನ್ನು ಅಧ್ಯಕ್ಷರು ತಮ್ಮಲ್ಲೇ ಇಟ್ಟುಕೊಂಡಿದ್ದರು. ಅವರಿಗೆ ಈ ವಾರ್ಡಿನಲ್ಲಿ ಬೈಯುವವರು ಯಾರೂ ಇರಲಿಲ್ಲವಂತೆ, ಪಾಪ.

ನಿಯಮದ ಪ್ರಕಾರ ಮದಲೇನ್ ಅದನ್ನು ಕಿಟಕಿಯ ಮುಂದೆ ನಿಂತು ಓದಿದಳು, ಆಸ್ಪತ್ರೆಯ ಚೀಟಿ ಓದುವ ದನಿಯಲ್ಲಿ: “ಸೈದು ವಾನ್ ಎಂಬ ಈ ಮನುಷ್ಯನಿಗೆ ಅನ್ನ ಕಂಡರೆ ಅಕ್ಕಪಕ್ಕದವರು ಕಾಣಿಸುವುದಿಲ್ಲ.” ಓದಿ, ಕಾಗದ ಮಡಿಸಿ, “ಸರಿ ಇದೆಯಾ ಕಾರ್ಯದರ್ಶಿಗಳೇ?” ಎಂದು ಕೇಳಿದಳು.

“ಸರಿ ಇದೆಯಮ್ಮ,” ಎಂದ ಸೈದು. ‘ಸುಸ್ಥಿತಿಯಲ್ಲಿ ತಲುಪಿದೆ’ ಎಂಬ ಷರಾದ ಕೆಳಗೆ ಸಹಿ ಹಾಕಲು ಹೋದರೆ ಕಣ್ಣು ಮಂಜಾಗಿ ಗೆರೆ ಕಾಣಲಿಲ್ಲ.

“ಬೇಗ ಹಾಕ್ರೀ ಸ್ವಾಮಿ,” ಎಂದರು ಹಿಂದಿದ್ದವರು. “ನಮ್ಮನ್ನ ಬೈಯೋರೂ ಬಿಸಿಲಲ್ಲಿ ಕಾಯ್ತಾ ನಿಂತಿದ್ದಾರೆ.”