ತಲೆಗೆ ವೈರು ಅಂಟಿಸುವ ಕೆಲಸ

ತಿಪಟೂರಿನ ನರರೋಗದ ಕ್ಲಿನಿಕ್ಕೊಂದರಲ್ಲಿ ಜನರ ತಲೆಗೆ ವೈರು ಅಂಟಿಸಿ ಮಿದುಳಿನ ಅಲೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ತಲೆಯ ಒಳಗೇನಿದೆ ಎಂದು ನೋಡಲು ಕೂತವಳಿಗೆ ವಾರಕ್ಕೊಂದು ಪ್ರಸಂಗ ತಾನಾಗಿ ಒದಗುತ್ತದೆ.

ಎಣ್ಣೆ

ಈ ಪರೀಕ್ಷೆಗೆ ಬರುವವರು ತಲೆಗೆ ಎಣ್ಣೆ ಹಚ್ಚಿರಬಾರದು. ಅರಳಗುಪ್ಪೆ ಕಡೆಯ ಹೆಂಗಸೊಬ್ಬರು ಬಂದಾಗ ಕೊಬ್ಬರಿ ಎಣ್ಣೆ ಕಿವಿಯವರೆಗೂ ಇಳಿದಿತ್ತು. ಅಂಟಿಸಿದ ವೈರುಗಳೆಲ್ಲ ಒಂದೊಂದಾಗಿ ಹೆಗಲಿಗೆ ಜಾರಿದವು.

"ಎಣ್ಣೆ ಹಚ್ಕೋಬೇಡಿ ಅಂತ ಫೋನಲ್ಲೇ ಹೇಳಿದ್ನಲ್ಲಮ್ಮ."

"ಇವತ್ತು ಹಚ್ಚಿಲ್ಲ ಕಣವ್ವ. ಇದು ಹುಟ್ಟಿದಾಗ್ಲಿಂದ ಹಚ್ಚಿರೋದು."

ಶಾಕು

ನರ ಸರಿಯಾಗಿದೆಯೇ ಎಂದು ತಿಳಿಯಲು ಕೈಗೆ ಸಣ್ಣ ಶಾಕ್ ಕೊಡುವ ಪರೀಕ್ಷೆಯೂ ಉಂಟು. ಕೈ ಜೋಮು ಹಿಡಿಯುತ್ತದೆಂದು ಲೈನ್‌ಮನ್ ಒಬ್ಬರು ಬಂದರು. ಇಪ್ಪತ್ತು ವರ್ಷ ಕಂಬ ಹತ್ತಿದವರು. "ಚುರ್ ಅನ್ನುತ್ತೆ, ಅಷ್ಟೆ" ಎಂದೆ. ತಟ್ಟನೆ ಕೈ ಹಿಂದಕ್ಕೆಳೆದುಕೊಂಡರು.

"ಮೊದ್ಲು ಕರೆಂಟ್ ತೆಗೀರಿ ಮೇಡಂ, ಆಮೇಲೆ ಟೆಸ್ಟು. ನಮ್ಮಲ್ಲಿ ಅದೇ ರೂಲ್ಸು."

ಸದಸ್ಯರು

ಪಂಚಾಯಿತಿ ಸದಸ್ಯರೊಬ್ಬರಿಗೆ ತಲೆಸುತ್ತು. ವೈರು ಅಂಟಿಸಿ, "ಕಣ್ಮುಚ್ಚಿ ಮಲಗಿ ಸಾರ್, ಏನೂ ಯೋಚನೆ ಮಾಡ್ಬೇಡಿ" ಎಂದೆ.

"ಅದು ಹೆಂಗಮ್ಮ ಆಯ್ತದೆ? ನಂಗೆ ಊರಿನ ಚಿಂತೆ" ಎಂದರು.

ಪಕ್ಕದಲ್ಲಿದ್ದ ಹೆಂಡತಿ, "ಮೀಟಿಂಗ್‌ನಲ್ಲಿ ಕೂತಿದ್ದೀನಿ ಅಂದ್ಕೊಳ್ರಿ, ಸರಿಹೋಯ್ತದೆ" ಎಂದರು.

ಎರಡೇ ನಿಮಿಷಕ್ಕೆ ಗೊರಕೆ ಶುರುವಾಯಿತು.

ಮೂರು ಮಾತು

ದಂಡಿನಶಿವರದ ಕಡೆಯ ಅಜ್ಜಿಯೊಬ್ಬರನ್ನು ಮಗ ನಮ್ಮ ಡಾಕ್ಟರ ಬಳಿಗೆ ಕರೆತಂದ. "ಅವ್ವಂಗೆ ಪೂರ್ತಿ ಮರೆವು ಡಾಕ್ಟ್ರೇ. ಹಂಗಂತ ಒಂದು ಸರ್ಟಿಫಿಕೇಟ್ ಬರ್ಕೊಡಿ. ತೋಟ ನನ್ನ ಹೆಸ್ರಿಗೆ ಮಾಡಿಸ್ಕೋಬೇಕು" ಎಂದ. ಅಜ್ಜಿ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದು ಕೂತಿದ್ದರು.

ಡಾಕ್ಟರು ನೆನಪಿನ ಪರೀಕ್ಷೆ ಶುರುಮಾಡಿದರು. "ಅಜ್ಜಿ, ಮೂರು ಮಾತು ಹೇಳ್ತೀನಿ. ಐದು ನಿಮಿಷ ಬಿಟ್ಟು ಕೇಳ್ತೀನಿ, ಹೇಳ್ಬೇಕು. ಬಸ್ಸು, ಕೊಡೆ, ಮಲ್ಲಿಗೆ."

ಅಷ್ಟರಲ್ಲಿ ಡಾಕ್ಟರಿಗೆ ಹೆಂಡತಿಯ ಫೋನ್ ಬಂತು. ಮನೆ ಕಟ್ಟಿಸುತ್ತಿದ್ದರು; ಬಾತ್‌ರೂಮಿನ ಟೈಲ್ಸ್ ಬಣ್ಣದ ಚರ್ಚೆ ಕೋಣೆಗೆಲ್ಲ ಕೇಳುವಂತೆ ಕಾಲು ಗಂಟೆ ನಡೆಯಿತು. ಫೋನಿಟ್ಟು ಅಜ್ಜಿಯನ್ನು ನೋಡಿದರು, ನನ್ನನ್ನು ನೋಡಿದರು, ಖಾಲಿ ಹಾಳೆ ನೋಡಿದರು.

"ನಾನೇನೋ ಕೇಳ್ತಿದ್ದೆ..."

"ಮೂರು ಮಾತು" ಎಂದರು ಅಜ್ಜಿ. "ಬಸ್ಸು, ಕೊಡೆ, ಮಲ್ಲಿಗೆ. ಟೈಲ್ಸು ಬಿಳೀದು ಬ್ಯಾಡ ಅಂದ್ರು ನಿಮ್ಮನೆಯವ್ರು."

ಆಮೇಲೆ ನಿಧಾನಕ್ಕೆ ಎದ್ದು ಮಗನ ಕಡೆ ತಿರುಗಿದರು.

"ಆ ಸರ್ಟಿಫಿಕೇಟು ಇವ್ರಿಗೇ ಇರ್ಲಿ ಬುಡು ಕಣ್ಲಾ. ನಡಿ, ತೋಟದಲ್ಲಿ ಕೆಲ್ಸ ಐತೆ."