ಪೆಂಗ್ವಿನ್ ಮೇಷ್ಟ್ರು ಸಮುದ್ರ ನೋಡಿದ್ದು

ಎಲ್ಲ ಅನಾಹುತಕ್ಕೂ ಕಾರಣ ಒಂದು ಬೆರಳು. ಅದೂ ಪೂರ್ತಿ ಬೆರಳಲ್ಲ, ಬಲಗೈ ತೋರುಬೆರಳಿನ ತುದಿ. ಬೆಳಿಗ್ಗೆ ಏಳು ಗಂಟೆಗೆ ಪೆಂಗ್ವಿನ್ ಮೇಷ್ಟ್ರ ಲ್ಯಾಪ್‌ಟಾಪಿನ ಮೇಲೆ ‘ಹೊಸ ಆವೃತ್ತಿ ಬಂದಿದೆ, ಹಾಕಲೇ?’ ಎಂಬ ಪ್ರಶ್ನೆ ಮೂಡಿತು. ಬುದ್ಧಿ ‘ಬೇಡ’ ಎಂದು ಬಾಯಿ ತೆರೆಯುವಷ್ಟರಲ್ಲಿ ಬೆರಳು ‘ಹೂಂ’ ಒತ್ತಿಯಾಗಿತ್ತು.

ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವರು. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶವೆಂದರೆ ಪ್ರಾಣ. ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರವನ್ನು ಚೀಲಕ್ಕೆ, ಕೊಡೆಗೆ, ಕನ್ನಡಕದ ಡಬ್ಬಿಗೆ, ಒಮ್ಮೆ ಮೈಮರೆತು ಹೆಡ್‌ಮಾಸ್ಟರರ ಬೆನ್ನಿಗೂ ಅಂಟಿಸಿದ್ದರಿಂದ ಆ ಹೆಸರು ಬಿದ್ದಿತ್ತು. ಅವರಿದ್ದ ಹದಿನಾರು ಮನೆಯ ಕಟ್ಟಡಕ್ಕೆ ನೀರೇರಿಸುವ ಪಂಪನ್ನು ನಡೆಸುತ್ತಿದ್ದದ್ದು ಅವರೇ ಕಟ್ಟಿದ ಯಂತ್ರ. ಒಂದು ಬಿಸ್ಕತ್ತಿನ ಡಬ್ಬಿ, ಅದರೊಳಗೆ ಅಂಗೈಯಗಲದ ಬೋರ್ಡು, ಬೋರ್ಡಿನ ನಡುವೆ ಆರ್ಮ್ ಜಾತಿಯ ಪುಟಾಣಿ ಪ್ರೊಸೆಸರು, ಅದರ ತಲೆಯೊಳಗೆ ಲಿನಕ್ಸು. ಮೇಲಿನ ಟ್ಯಾಂಕಿನಲ್ಲಿ ನೀರಿಳಿದರೆ ಪಂಪು ಹಾಕುವುದು, ತುಂಬಿದರೆ ಆರಿಸುವುದು, ಅಷ್ಟೇ ಅದರ ಕೆಲಸ. ಅದು ಕುಡಿಯುವ ಕರೆಂಟು ಎಷ್ಟು ಕಡಿಮೆಯೆಂದರೆ, ಎರಡು ಮಿಂಚುಹುಳ ಹಿಡಿದು ಕಟ್ಟಿದರೂ ನಡೆದೀತು ಎಂದು ಮೇಷ್ಟ್ರು ಹದಿನಾರು ಮನೆಗೂ ಹೇಳಿಕೊಂಡು ಬಂದಿದ್ದರು. ಪ್ರೊಸೆಸರಿಗೆ ಹನ್ನೊಂದು ವರ್ಷ. ಕಂಪ್ಯೂಟರ್ ಲೋಕದಲ್ಲಿ ಅದು ಮುತ್ತಜ್ಜನ ಅಜ್ಜನ ವಯಸ್ಸು.

ಆ ಅಜ್ಜ ಲ್ಯಾಪ್‌ಟಾಪಿನಿಂದ ಬಂದ ಹೊಸ ಆವೃತ್ತಿಯನ್ನು ನುಂಗಿತು, ಮೂರು ಸಲ ಕಣ್ಣು ಮಿಟುಕಿಸಿತು, ಮಲಗಿಬಿಟ್ಟಿತು. ಲ್ಯಾಪ್‌ಟಾಪಿನಲ್ಲಿ ಒಂದೇ ಸಾಲು ಉಳಿಯಿತು: ‘ಈ ಪ್ರೊಸೆಸರ್ ತುಂಬ ಹಳೆಯದು. ಈ ಆವೃತ್ತಿಯಿಂದ ಇದಕ್ಕೆ ಬೆಂಬಲವಿಲ್ಲ.’

“ರೀ, ಏನ್ ಮಾಡ್ತಿದೀರಿ ಅಲ್ಲಿ?” ಒಳಗಿನಿಂದ ಹೆಂಡತಿಯ ದನಿ.

“ಏನಿಲ್ಲ ಕಣೇ. ಹೊರಡೋ ಮುಂಚೆ ಒಂದ್ಸಲ ನೋಡ್ದೆ, ಅಷ್ಟೇ.”

‘ಅಷ್ಟೇ’ ಎಂಬ ಪದ ಕೇಳಿದ್ದೇ ಹೆಂಡತಿ ಬಾಗಿಲಿಗೆ ಬಂದು ನಿಂತರು. ಮದುವೆಯಾಗಿ ಹತ್ತೊಂಬತ್ತು ವರ್ಷದಲ್ಲಿ ಆ ಮನೆಯ ಸಕಲ ವಿಪತ್ತುಗಳೂ ಆ ಪದದಿಂದಲೇ ಶುರುವಾಗಿದ್ದವು. ಸಂಜೆ ನಾಲ್ಕಕ್ಕೆ ರೈಲು. ನಾಲ್ಕು ದಿನ ಸಮುದ್ರದ ದಡದಲ್ಲಿ. ಆರು ವರ್ಷದಿಂದ ಪ್ರತಿ ರಜೆಗೂ ಹೊರಡಬೇಕೆಂದುಕೊಂಡರೂ, ಪ್ರತಿ ರಜೆಯನ್ನೂ ಆ ಡಬ್ಬಿ ತಿಂದುಹಾಕಿತ್ತು. ಸೂಟ್‌ಕೇಸು ಮೂರು ದಿನದಿಂದ ತುಂಬಿಕೊಂಡು ಬಾಗಿಲ ಹತ್ತಿರ ನಿಂತಿತ್ತು.

“ನೋಡಿ,” ಎಂದರು ಹೆಂಡತಿ, ದನಿ ಏರಿಸದೆ. ಅದೇ ಭಯ ಹುಟ್ಟಿಸುವಂಥದ್ದು. “ಇವತ್ತು ಆ ರೈಲು ತಪ್ಪಿತೋ, ನಾನು ಒಬ್ಬಳೇ ಹೋಗ್ತೀನಿ. ಬರೋದು ಯಾವಾಗ ಅಂತ ಆ ಡಬ್ಬೀನೇ ಕೇಳ್ಕೊಳ್ಳಿ.”

“ಇವತ್ತೇ ಕೊನೆ ಕಣೇ. ಇದೊಂದು ಸರಿ ಮಾಡಿ ನಮ್ಮ ಕಟ್ಟಡದ ಕಂಡಕ್ಟರ್ ಕೈಗೆ ಕೊಟ್ಬಿಡ್ತೀನಿ. ಆಮೇಲೆ ಈ ಪ್ರೊಸೆಸರ್ ಮುಖಾನೇ ನೋಡಲ್ಲ. ಆಣೆಗೂ.”

ಎಂಟೂ ಕಾಲಿಗೆ ಟ್ಯಾಂಕು ಬರಿದಾಯಿತು. ಎಂಟೂ ಇಪ್ಪತ್ತಕ್ಕೆ ಹದಿನಾರು ಮನೆಯ ನಲ್ಲಿಗಳು ಒಟ್ಟಿಗೆ ಕೆಮ್ಮಿದ ಸದ್ದು ಮುಂದಿನ ರಸ್ತೆಯವರೆಗೂ ಕೇಳಿಸಿತು.

ಅಷ್ಟರಲ್ಲಿ ಮೇಷ್ಟ್ರು ಲ್ಯಾಪ್‌ಟಾಪು ಹಿಡಿದು ಕೆಳಗಿನ ಪಂಪಿನ ಕೋಣೆ ಸೇರಿದ್ದರು. ಅಲ್ಲಿಗೆ ಮೊದಲು ಮೆಟ್ಟಿಲಿಳಿದು ಬಂದವರು ಎರಡನೇ ಮಹಡಿಯ ನರ್ಸಮ್ಮ. ತಲೆಯ ಮೇಲೆ ಒಂದು ಮೊಳ ಎತ್ತರದ ಶಾಂಪೂ ನೊರೆ, ದೂರದಿಂದ ನೋಡಿದವರಿಗೆ ಮೋಡವೇ ಮೆಟ್ಟಿಲಿಳಿದು ಬಂದಂತೆ. “ಮೇಷ್ಟ್ರೇ, ಡ್ಯೂಟಿ ಮುಗಿಸಿ ಈಗ ಬಂದಿದೀನಿ. ಕಣ್ಣು ಉರೀತಿದೆ. ಹತ್ತು ನಿಮಿಷದಲ್ಲಿ ನೀರು ಬರಬೇಕು.”

ಹಿಂದೆಯೇ ಕಂಡಕ್ಟರ್ ಬಂದರು. ಬಸ್ಸು ಬಿಟ್ಟು ಎಂಟು ವರ್ಷವಾಗಿದ್ದರೂ ಸೀಟಿ ಬಿಟ್ಟಿರಲಿಲ್ಲ. ಕಟ್ಟಡದ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಬೆನ್ನಿಗೆ ಕೆಳಮನೆಯ ಟೈಲರು, ಕುತ್ತಿಗೆಯಲ್ಲಿ ಅಳತೆ ಟೇಪು, ಬಾಯಲ್ಲಿ ನಾಲ್ಕು ಗುಂಡುಪಿನ್ನು.

“ಕೈಯಲ್ಲಿ ಹಾಕೋ ಸ್ವಿಚ್ ಇತ್ತಲ್ಲ, ಅದೆಲ್ಲಿ?” ಕಂಡಕ್ಟರ್ ಕೇಳಿದರು.

ಮೇಷ್ಟ್ರು ಗೋಡೆಯಲ್ಲಿ ಉಳಿದಿದ್ದ ತೂತು ತೋರಿಸಿದರು. “ಅದನ್ನ… ನಾನೇ ತೆಗೆಸಿದ್ದೆ. ಇಷ್ಟು ಬುದ್ಧಿವಂತ ಯಂತ್ರದ ಪಕ್ಕ ಅದ್ಯಾಕೆ ಅವಮಾನದ ಥರ ಅಂತ.”

“ಎಲೆಕ್ಟ್ರಿಷಿಯನ್ ಕರೆಸಿ!”

“ಫೋನ್ ಮಾಡ್ದೆ. ಸಂಜೆ ಆರಕ್ಕೆ ಬರ್ತಾನಂತೆ.”

“ಹಾಗಾದ್ರೆ ಹಳೇ ಆವೃತ್ತೀನೇ ವಾಪಸ್ ಹಾಕ್ರೀ,” ಎಂದರು ಟೈಲರು, ಗುಂಡುಪಿನ್ನುಗಳ ಸಂದಿಯಿಂದ. “ಹೊಸ ಅಂಗಿ ಬಿಗಿಯಾದ್ರೆ ಹಳೇದು ಹಾಕ್ಕೊಳ್ಳಲ್ವಾ?”

ಮೇಷ್ಟ್ರ ಮುಖ ಇನ್ನಷ್ಟು ಸಣ್ಣದಾಯಿತು. ಹಳೆಯ ಆವೃತ್ತಿಯ ಪ್ರತಿ ಒಂದು ಮೆಮರಿ ಕಾರ್ಡಿನಲ್ಲಿತ್ತು. ಸಮುದ್ರದ ಫೋಟೋಗೆ ಜಾಗ ಬೇಕೆಂದು ಹಿಂದಿನ ದಿನವೇ ಅದನ್ನು ಅಳಿಸಿ ಕ್ಯಾಮೆರಾಗೆ ಹಾಕಿದ್ದರು. ಲಿನಕ್ಸಿನವರ ಜಾಲತಾಣದಲ್ಲಿ ನೋಡಿದರೆ, ಅಲ್ಲಿಯೂ ಹಳೆಯದನ್ನೆಲ್ಲ ಹೋದ ವಾರ ಗುಡಿಸಿಹಾಕಿದ್ದರು.

ಕಂಡಕ್ಟರ್ ಸೀದಾ ಮೇಲೆ ಹೋದರು, ಮೇಷ್ಟ್ರ ಸೂಟ್‌ಕೇಸನ್ನು ಪಂಪಿನ ಕೋಣೆಗೆ ತಂದರು, ಅದರ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು ಒಂದು ಸೀಟಿ ಊದಿದರು. “ನೀರು ಬರೋವರೆಗೆ ಈ ಗಾಡಿ ಹೊರಡಲ್ಲ.”

ಆಮೇಲೆ ಆ ಪಂಪಿನ ಕೋಣೆಯಲ್ಲಿ ನಡೆದದ್ದನ್ನು ಚಿಕಿತ್ಸೆ ಎನ್ನಬೇಕೋ ಹಿಂಸೆ ಎನ್ನಬೇಕೋ. ಕಂಡಕ್ಟರ್, “ನಮ್ಮ ಡಿಪೋದಲ್ಲಿ ಇಂಥವಕ್ಕೆ ಎರಡು ಬಿಟ್ರೆ ಸ್ಟಾರ್ಟ್ ಆಗೋವು,” ಎಂದು ಡಬ್ಬಿಯ ಬೆನ್ನಿಗೆ ಎರಡು ಬಿಟ್ಟರು. ಟೈಲರು ಹೊಲಿಗೆ ಯಂತ್ರದ ಎಣ್ಣೆ ತಂದು “ಎಲ್ಲಿ ಬಿಡ್ಲಿ?” ಎಂದರು. ನರ್ಸಮ್ಮ ಪ್ರೊಸೆಸರಿನ ಮೇಲೆ ಬೆರಳಿಟ್ಟು, ಗಡಿಯಾರ ನೋಡಿ, “ಜ್ವರ ಇದೆ,” ಎಂದು ತೀರ್ಮಾನ ಕೊಟ್ಟು, ಫ್ರಿಜ್ಜಿನ ಐಸನ್ನು ಬಟ್ಟೆಯಲ್ಲಿ ಕಟ್ಟಿ ತಂದರು. ಡಬ್ಬಿಯನ್ನು ಕಾಪಾಡಲು ಮೇಷ್ಟ್ರು ಮಡಿಲಲ್ಲಿಟ್ಟುಕೊಂಡು ಬಾಗಿದರು. ಐಸು ಅವರ ಕತ್ತಿನೊಳಗೆ ಕರಗಿ ಬೆನ್ನಗುಂಟ ಇಳಿಯಿತು. ಆ ದಿನ ಕಟ್ಟಡದಲ್ಲಿ ಹರಿದ ಮೊದಲ ನೀರು ಅದೇ.

“ದಯವಿಟ್ಟು ಬಿಡ್ರಪ್ಪಾ!” ಮೇಷ್ಟ್ರು ಕೂಗಿಕೊಂಡರು. “ಇದಕ್ಕೆ ಕಾಯಿಲೆ ಇಲ್ಲ! ಇದು ಸರಿಯಾಗೇ ಇದೆ! ಲಿನಕ್ಸ್ ಮಾಡೋರು ‘ಇನ್ಮೇಲೆ ನಿನಗೂ ನಮಗೂ ಸಂಬಂಧ ಇಲ್ಲ’ ಅಂದ್ಬಿಟ್ಟಿದಾರೆ, ಅಷ್ಟೇ!”

“ಯಾರ್ರೀ ಅವರು ಹಾಗನ್ನೋಕೆ?” ಕಂಡಕ್ಟರಿಗೆ ರಕ್ತ ಕುದಿಯಿತು. “ಬರೀರಿ ಅವರಿಗೆ! ಈಗಲೇ ಬರೀರಿ!”

ಹನ್ನೊಂದು ಗಂಟೆಯಾಗಿತ್ತು. ಬೇರೆ ದಾರಿಯೂ ಇರಲಿಲ್ಲ. ಲಿನಕ್ಸ್ ಕಟ್ಟುವವರೆಲ್ಲ ಓದುವ ಒಂದು ಅಂಚೆ ಪಟ್ಟಿಯಿದೆ. ಅದಕ್ಕೊಂದು ಮೇಲ್ ಬರೆದರೆ ಲೋಕದ ಮೂಲೆಮೂಲೆಯವರು ಓದುತ್ತಾರೆ. ಮೇಷ್ಟ್ರು ವಿನಯವಾಗಿ ಶುರುಮಾಡಿದರು: ‘ಮಾನ್ಯರೇ, ನಾನೊಬ್ಬ ಸಾಮಾನ್ಯ ಬಳಕೆದಾರ…’

“ಅಳಿಸ್ರೀ ಅದನ್ನ,” ಎಂದರು ನರ್ಸಮ್ಮ. ನೊರೆ ಒಣಗಿ ಅವರ ತಲೆಕೂದಲು ಕಿರೀಟದಂತೆ ನಿಂತಿತ್ತು. “ಸಾಮಾನ್ಯ ಅಂದ್ರೆ ನಮ್ಮ ವಾರ್ಡಲ್ಲೇ ಯಾರೂ ತಿರುಗಿ ನೋಡಲ್ಲ. ದೊಡ್ಡ ಡಾಕ್ಟರ್ ಥರ ಬರೀರಿ.”

“‘ಈ ಪ್ರೊಸೆಸರ್ ನಾಡಿ ನನ್ನಷ್ಟು ಬಲ್ಲವರು ಭೂಮಿ ಮೇಲೆ ಇನ್ನೊಬ್ಬರಿಲ್ಲ’ ಅಂತ ಹಾಕಿ,” ಎಂದರು ಕಂಡಕ್ಟರ್.

“‘ನನ್ನ ಹೆತ್ತ ಮಗುವಿನ ಥರ ನೋಡ್ಕೊಂಡಿದೀನಿ’ ಅಂತಾನೂ ಸೇರಿಸಿ,” ಎಂದರು ಟೈಲರು. “ಅಳತೆ ಯಾವಾಗಲೂ ಒಂದು ಇಂಚು ಜಾಸ್ತಿ ಇರ್ಲಿ ಮೇಷ್ಟ್ರೇ. ಬೇಕಾದ್ರೆ ಆಮೇಲೆ ಕತ್ತರಿಸಬಹುದು.”

ಮೇಷ್ಟ್ರಿಗೂ ನಿಧಾನವಾಗಿ ಆವೇಶ ಬಂತು. ಇಪ್ಪತ್ತು ವರ್ಷ ಮಕ್ಕಳಿಗೆ ಬೈದ ಅನುಭವವೆಲ್ಲ ಬೆರಳಿಗೆ ಇಳಿಯಿತು. ಹನ್ನೊಂದು ವರ್ಷ ಈ ಪ್ರೊಸೆಸರನ್ನು ನಡೆಸಿದ್ದೇನೆ, ಇದರ ಉಸಿರು ಕೇಳಿಯೇ ಕಾಯಿಲೆ ಹೇಳಬಲ್ಲೆ, ನಿಮ್ಮಲ್ಲಿ ಒಬ್ಬರಿಗೂ ಇದರ ಗಂಧಗಾಳಿಯಿಲ್ಲ, ಹಳೆಯದೆಂದು ಬೀದಿಗೆ ಹಾಕಲು ಇದೇನು ಹರಿದ ಚಪ್ಪಲಿಯೇ ಎಂದು ಎರಡು ಪುಟ ಝಾಡಿಸಿದರು. ಕಳಿಸಿದಾಗ ಪಂಪಿನ ಕೋಣೆಯಲ್ಲಿ ಚಪ್ಪಾಳೆ.

ಆಮೇಲೆ ಕಾಯುವಿಕೆ. ಹನ್ನೆರಡಾಯಿತು, ಒಂದಾಯಿತು. ಹೆಂಡತಿ ಪ್ರಯಾಣದ ಸೀರೆಯುಟ್ಟು ಮೆಟ್ಟಿಲ ಮೇಲೆ ಕೂತು ಗಡಿಯಾರ ನೋಡಿದರು. ಅವರು ಗಡಿಯಾರ ನೋಡಿದಾಗಲೆಲ್ಲ ಮೇಷ್ಟ್ರು ಒಂದಂಗುಲ ಕುಗ್ಗಿದರು. ಎರಡರ ಹೊತ್ತಿಗೆ ಅವರ ಅಳತೆ ಟೈಲರಿಗೂ ಸಿಗುವಂತಿರಲಿಲ್ಲ.

ಎರಡೂ ಮುಕ್ಕಾಲಿಗೆ ಉತ್ತರ ಬಂತು! ಮೇಷ್ಟ್ರು ಮೊದಲ ನಾಲ್ಕು ಸಾಲು ಓದಿದರು. ‘ಕ್ಷಮಿಸಿ. ಈ ಪ್ರೊಸೆಸರನ್ನು ಬಲ್ಲವರು ಯಾರಾದರೂ ಇದ್ದೀರಾ ಎಂದು ಮೂರು ವರ್ಷದಿಂದ ಕೇಳುತ್ತಿದ್ದೆವು. ಯಾರೂ ಉತ್ತರ ಕೊಡಲಿಲ್ಲ, ಹಾಗಾಗಿ ತೆಗೆದೆವು. ನಿಮ್ಮ ಪತ್ರ ಓದಿ ಬೆಂಬಲವನ್ನು ವಾಪಸ್ ಸೇರಿಸಿದ್ದೇವೆ. ಹೊಸ ಪ್ರತಿ ಇಲ್ಲಿದೆ.’ ಕೆಳಗೆ ಇನ್ನೂ ಉದ್ದಕ್ಕಿತ್ತು. ಓದಲು ಪುರುಸೊತ್ತು ಯಾರಿಗೆ?

ಕೂಡಲೇ ಹೊಸ ಪ್ರತಿ ಹಾಕಿದರು. ಅಜ್ಜ ಕಣ್ಣು ತೆರೆಯಿತು. ಪಂಪು ಗೊರಗೊರ ಎಂದಿತು, ಆನೆಯೊಂದು ಕನಸಿನಿಂದ ಎದ್ದಂತೆ. ನೀರು ಮೇಲೇರಿತು. ನರ್ಸಮ್ಮ ಒಂದೇ ನೆಗೆತಕ್ಕೆ ಎರಡು ಮಹಡಿ ಹತ್ತಿದರು. ಮೇಷ್ಟ್ರು ಪಂಪಿನ ಕೋಣೆಯ ಬೀಗದ ಕೈಯನ್ನು ಕಂಡಕ್ಟರರ ಅಂಗೈಯಲ್ಲಿಟ್ಟು, ಐದು ಬೆರಳನ್ನೂ ತಾವೇ ಮಡಿಸಿ, “ಇನ್ಮೇಲೆ ನೀವುಂಟು, ಇದುಂಟು,” ಎಂದರು. ಕಂಡಕ್ಟರ್ ಸೂಟ್‌ಕೇಸಿನಿಂದೆದ್ದು ಉದ್ದಕ್ಕೆ ಸೀಟಿ ಊದಿದರು. “ರೈಟ್… ರೈಟ್!”

ಗಂಡ ಹೆಂಡತಿ ಓಡಿದ ಓಟಕ್ಕೆ ಬೀದಿಯ ಧೂಳು ಮರುದಿನದವರೆಗೂ ಇಳಿಯಲಿಲ್ಲ. ರೈಲು ಚಲಿಸಿದಾಗ ಇಬ್ಬರೂ ಒಳಗಿದ್ದರು, ಸೂಟ್‌ಕೇಸೂ ಒಳಗಿತ್ತು. ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೆಂಡತಿ ನಕ್ಕರು. ಆರು ವರ್ಷದ ಕೋಪವೆಲ್ಲ ಕರಗಿದ ನಗು.

“ಏನೇ ಅನ್ನಿ,” ಎಂದರು. “ಆ ದೊಡ್ಡವರೆಲ್ಲ ನಿಮ್ಮ ಮಾತು ಕೇಳಿದ್ರಲ್ಲ!”

ಮೇಷ್ಟ್ರ ಎದೆ ಎರಡು ಸೀಟಿನಷ್ಟಗಲ ಉಬ್ಬಿತು. “ಪೂರ್ತಿ ಓದ್ತೀನಿ ಇರು. ಹೊಗಳಿರಬೇಕು,” ಎಂದು ಫೋನು ತೆಗೆದು ಆ ಉತ್ತರದ ಉಳಿದ ಭಾಗ ಓದಿದರು.

‘ನಮ್ಮಲ್ಲಿ ಒಂದು ಪದ್ಧತಿಯಿದೆ. ನೋಡಿಕೊಳ್ಳುವವರು ಒಬ್ಬರಿದ್ದರೆ ಮಾತ್ರ ಒಂದು ಪ್ರೊಸೆಸರ್ ಉಳಿಯುತ್ತದೆ. ನೀವು ಹೇಳಿದಂತೆ ನಮ್ಮಲ್ಲಿ ಒಬ್ಬರಿಗೂ ಇದರ ಗಂಧಗಾಳಿಯಿಲ್ಲ. ನೀವೋ ಇದನ್ನು ಹೆತ್ತ ಮಗುವಿನಂತೆ ಬಲ್ಲವರು. ಆದ್ದರಿಂದ ಇಂದಿನಿಂದ ಇಡೀ ಜಗತ್ತಿಗೆ ಈ ಪ್ರೊಸೆಸರಿನ ಪಾಲಕರಾಗಿ ನಿಮ್ಮ ಹೆಸರನ್ನು ಬರೆದಿದ್ದೇವೆ. ಅಭಿನಂದನೆಗಳು. ಬಾಕಿ ಇರುವ ಮುನ್ನೂರ ಹದಿನೇಳು ದೂರುಗಳನ್ನು ನಿಮ್ಮ ವಿಳಾಸಕ್ಕೆ ಕಳಿಸುತ್ತಿದ್ದೇವೆ. ಅತಿ ಹಳೆಯದಕ್ಕೆ ಒಂಬತ್ತು ವರ್ಷ.’

ಓದಿ ಮುಗಿಯುವಷ್ಟರಲ್ಲಿ ಫೋನು ಹುರಿಯುವ ಜೋಳದಂತೆ ಸಿಡಿಯತೊಡಗಿತು. ಟಣ್, ಟಣ್, ಟಣ್.

“ಯಾರ್ರೀ ಅದು?”

“ಏನಿಲ್ಲ ಕಣೇ…” ಎನ್ನುತ್ತ ಮೇಷ್ಟ್ರು ರಾಜೀನಾಮೆ ಬರೆದರು. ನಿಮಿಷದಲ್ಲಿ ಉತ್ತರ: ‘ಸಂತೋಷ. ಈ ಪ್ರೊಸೆಸರನ್ನೇ ಬಳಸುವ, ಹೊಣೆ ಹೊರಲು ಒಪ್ಪುವ ಇನ್ನೊಬ್ಬರನ್ನು ಹುಡುಕಿಕೊಡಿ, ತಕ್ಷಣ ಬಿಡುಗಡೆ.’

ಮೇಷ್ಟ್ರು ಬಂದ ದೂರುಗಳಲ್ಲಿ ಎಲ್ಲಕ್ಕಿಂತ ಮೇಲಿದ್ದುದನ್ನು ತೆರೆದರು. ಯಾವುದೋ ದೂರದ ದೇಶದ ಕೋಳಿ ಸಾಕಣೆಯವನು. ಅವನ ಮೊಟ್ಟೆ ಕಾವು ಕೊಡುವ ಪೆಟ್ಟಿಗೆಯನ್ನು ನಡೆಸುವುದೂ ಇದೇ ಪ್ರೊಸೆಸರು. ಅದು ಬೆಳಗಿನಿಂದ ಮಂಕಾಗಿದೆ, ಮುನ್ನೂರು ಮೊಟ್ಟೆ ಒಳಗಿವೆ, ಏನು ಮಾಡಲಿ ಎಂದು ಗೋಳಾಡಿದ್ದ. ಮೇಷ್ಟ್ರಿಗೆ ಜೀವ ಬಂತು. ‘ಪಾಲಕನ ಪದವಿ ಕೊಡುತ್ತೇನೆ, ಒಪ್ಪುತ್ತೀಯಾ?’ ಎಂದು ಕೇಳಿದರು.

ಅವನು ಕುಣಿದಾಡಿ ಬರೆದ: ‘ಖಂಡಿತ ಒಪ್ಪುತ್ತೇನೆ ಸ್ವಾಮಿ! ಮೊದಲು ಮರಿಗಳು ಹೊರಬರಲಿ, ಹೊಸ ಪ್ರತಿ ಹಾಕಲು ಪೆಟ್ಟಿಗೆ ಬಿಚ್ಚಿದರೆ ಮೊಟ್ಟೆ ತಣ್ಣಗಾಗುತ್ತವೆ. ಇನ್ನು ಹತ್ತೊಂಬತ್ತೇ ದಿನ. ಅಲ್ಲಿಯವರೆಗೆ ಹತ್ತು ನಿಮಿಷಕ್ಕೊಮ್ಮೆ ಪೆಟ್ಟಿಗೆಯ ಶಾಖ ಎಷ್ಟಿದೆ ಎಂದು ಬರೆಯುತ್ತೇನೆ. ಕಾವಿನ ದೀಪ ಹಚ್ಚಲೋ ಆರಿಸಲೋ ನೀವು ಹೇಳಬೇಕು. ಇಷ್ಟು ದಿನ ಆ ಪ್ರೊಸೆಸರೇ ಹೇಳುತ್ತಿತ್ತು, ನನಗೆ ಗೊತ್ತಿಲ್ಲ. ಈಗ ಮೂವತ್ತಾರು ಡಿಗ್ರಿ. ಬೇಗ!’

ಬೇಡ ಎನ್ನೋಣವೆಂದರೆ ಮುನ್ನೂರು ಮರಿಗಳ ಪಾಪ. ‘ಹಚ್ಚು,’ ಎಂದು ಮೇಷ್ಟ್ರು ಬರೆದರು. ಹತ್ತು ನಿಮಿಷಕ್ಕೆ, ‘ಆರಿಸು.’ ಮತ್ತೆ ಹತ್ತು ನಿಮಿಷಕ್ಕೆ, ‘ಹಚ್ಚು.’

ಎರಡೂವರೆ ಗಂಟೆ ಕಳೆಯಿತು. ರೈಲು ಒಂದು ತಿರುವು ದಾಟಿತು. ಕಿಟಕಿಯ ತುಂಬ ಬೆಳಕು ನುಗ್ಗಿತು. ಹೆಂಡತಿ ಚಿಕ್ಕ ಹುಡುಗಿಯಂತೆ ಎದ್ದು ನಿಂತು ಗಂಡನ ಭುಜ ಹಿಡಿದು ಅಲುಗಾಡಿಸಿದರು.

“ರೀ! ಅಗೋ ನೋಡ್ರೀ! ಸಮುದ್ರ!”

ಮೇಷ್ಟ್ರು ಫೋನಿನಿಂದ ತಲೆಯೆತ್ತದೆ ಕೇಳಿದರು, “ಎಷ್ಟು ಡಿಗ್ರಿ ಇದೆ?”